ಎರಡು ಸರ್ತಿ ಇಲ್ಲ ಅಂದ ಮ್ಯಾಲೆ ಮೂರನೇ ಅರ್ಜಿ

ಅಕ್ಕ-ತಂಗ್ಯಾರೇ, ನಾ ಅಮೆರಿಕಾದಿಂದ ಬಂದು ಒಂದು ತಿಂಗಳಾಯ್ತು. ಬಂದಾಗಿಂದ ಮನಿಗೆ ಬಂದೋರು, ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕೋರು, ಚಿತ್ತಾಪುರದಿಂದ ಫೋನ್ ಮಾಡಿದೋರು ಕೇಳೋದು ಒಂದೇ ಮಾತು. ಅಲ್ಲಿ ಏನು ನೋಡಿದಿ, ಏನು ಉಂಡಿ ಅಂತ ಯಾರೂ ಕೇಳಂಗಿಲ್ಲ. "ನಿಮಗ ಎರಡು ಸರ್ತಿ ರಿಜೆಕ್ಟ್ ಆಗಿತ್ತಲ್ಲ, ಮೂರನೇದಕ್ಕ ಹ್ಯಾಂಗ ಕೊಟ್ರು?" ಇಷ್ಟೇ. ಒಬ್ಬೊಬ್ರಿಗೆ ಹೇಳಿ ಹೇಳಿ ಬಾಯಿ ಒಣಗಿ ಹೋಗ್ಯದ, ಅದಕ್ಕ ಇಲ್ಲೇ ಬರದು ಬಿಡ್ತೀನಿ. ನಮ್ಮ ಗುಂಡಗುರ್ತಿ ಒಂದೇ ಅಲ್ಲ, ಸೇಡಂ, ವಾಡಿ, ಶಹಾಬಾದ, ಚಿಂಚೋಳಿ ಕಡಿ ಸುತ್ತ ನೋಡಿದ್ರೂ ಈಗ ಮಗನೋ ಮಗಳೋ ದೂರ ದೇಶಕ್ಕ ಹೋಗಲಾರ್ದ ಮನಿ ಕಡಿಮಿ ಆಗ್ಯಾವ. ತವರಮನಿ ಬಾಣಂತನ ಅನ್ನೋದು ಈಗ ಪಾಸ್‌ಪೋರ್ಟಿನ ಮ್ಯಾಲೆ ನಿಂತದ.

ಮದಲ 2018ರ ಮಾತು ಹೇಳ್ತೀನಿ. ಹಿರಿ ಮಗಳು ಮದಲನೇ ಸರ್ತಿ ಬಸರಾದಾಗ ಡಲ್ಲಾಸದಾಗ ಇದ್ಲು. ಅಳಿಯಾನ ತಾಯಿ ಇಲ್ಲ. ನಾ ಹೋಗದಿದ್ರ ಹೋಗೋರು ಯಾರೂ ಇಲ್ಲ. ನಾವು ಗಂಡ-ಹೆಂಡತಿ ಇಬ್ರೂ ಅರ್ಜಿ ಹಾಕಿದ್ವಿ. ಯಾವ ಊರಿನ ಕಚೇರಿ ಅಂತ ಹೆಸರು ಬ್ಯಾಡ. ಒಳಗ ಹೋಗಿ ನಿಂತು ಮೂರು ಮಾತಿಗೆ ಮುಗೀತು. ಯಾಕ ಹೋಗ್ತೀರಿ, ಏನು ಕೆಲಸ ಮಾಡ್ತೀರಿ, ಮದಲ ಯಾವ ದೇಶಕ್ಕ ಹೋಗೀರಿ. ಆಮ್ಯಾಲೆ ಪಾಸ್‌ಪೋರ್ಟ್ ತಿರುಗಿ ಕೊಟ್ಟು, ಅದರ ಜೋಡಿ ಒಂದು ಛಾಪಿಸಿದ ಕಾಗದ ಕೊಟ್ರು. ದಿನ ಹತ್ರ ಬರ್ಲಿಕತ್ತಿತ್ತು, ಆರು ವಾರ ಬಿಟ್ಟು ನಾ ಒಬ್ಬಾಕೇ ಮತ್ತ ಹಾಕಿದೆ. ಮತ್ತ ಅದೇ ಕಾಗದ. ಎರಡು ಸರ್ತೀದೂ ಫೀಸು ಹೋಯ್ತು. ಆವಾಗ ತಲಿಗೆ 160 ಡಾಲರ್ ಇತ್ತು. ಕೊಟ್ರೂ ಕೊಡದಿದ್ರೂ ಆ ರೊಕ್ಕ ತಿರುಗಿ ಬರಂಗಿಲ್ಲ.

ಆ ಕಾಗದದಾಗ ಇದ್ದದ್ದು 214(ಬಿ) ಅನ್ನೋ ಕಲಮು. ನಮ್ಮ ಓಣ್ಯಾಗ ಇದರ ಬಗ್ಗೆ ಏನೇನೋ ಅಂದ್ರು. ಏನೋ ತಪ್ಪು ಮಾಡ್ಯಾರ, ಕಾಗದ ಖೊಟ್ಟಿ ಇದ್ದಾವ, ಇನ್ನ ಜನ್ಮದಾಗ ಕೊಡಂಗಿಲ್ಲ ಅಂತ. ಒಬ್ಬಾಕಿ ಅಂತೂ ನನ್ನ ಮಾರಿ ಮುಂದೇ, "ಪೊಲೀಸ್ ಕೇಸ್ ಏನರೆ ಐತೇನವ್ವಾ?" ಅಂತ ಕೇಳಿದ್ಲು. ಅದು ಹಂಗ ಅಲ್ರಿ. ಅಮೆರಿಕಾದ 1952ರ ವಲಸೆ ಕಾಯ್ದಿದಾಗ ಹಂಗ ಬರದಾರ: ತಿರುಗಾಡ್ಲಿಕ್ಕ ಬರ್ತೀನಿ ಅಂತ ಅರ್ಜಿ ಹಾಕಿದ ಪ್ರತಿಯೊಬ್ರೂ ಅಲ್ಲೇ ಉಳಿಲಿಕ್ಕೇ ಬರೋರು ಅಂತ ಅವ್ರು ಮದಲೇ ಹಿಡಕೋಬೇಕು. ಅಲ್ಲ, ನಾ ತಿರುಗಿ ಬರ್ತೀನಿ ಅಂತ ತೋರಿಸೋ ಜವಾಬ್ದಾರಿ ನಮ್ದು. ಕೂತ ಅಧಿಕಾರಿಗೆ ಮನಸಿಗೆ ಬರಲಿಲ್ಲಂದ್ರ ಆ ಕಲಮು ಬರದು ಕಳಸ್ತಾರ. ಅದು ಶಿಕ್ಷಾ ಅಲ್ಲ, ನಿಷೇಧ ಅಲ್ಲ. ಅದರ ಮ್ಯಾಲೆ ಅಪೀಲು ಇಲ್ಲ, ಆದ್ರ ಮತ್ತ ಹೊಸಾ ಅರ್ಜಿ ಹಾಕ್ಲಿಕ್ಕ ಅಡ್ಡಿನೂ ಇಲ್ಲ. ಮರುದಿನಾನೇ ಹಾಕಬಹುದು. ಖಾಲಿ ಏನಂದ್ರ, ನಮ್ಮ ಮನಿ ಪರಿಸ್ಥಿತಿ ಏನೂ ಬದಲಾಗಲಾರ್ದೆ ಮರುದಿನ ಹಾಕಿದ್ರ ಉತ್ತರಾನೂ ಬದಲಾಗಂಗಿಲ್ಲ.

ನಾ ಈಗ ತಣ್ಣಗ ಬರೀಲಿಕತ್ತೀನಿ. ಆವಾಗ ಹಂಗ ಇರಲಿಲ್ಲ. ಆ ವರ್ಷ ಸಪ್ಟಂಬರದಾಗ ಮಗಳು ಹಡದ್ಲು. ನಮಗ ರಾತ್ರಿ ಅಂದ್ರ ಅಕಿಗೆ ಹಗಲು. ಬಾಣಂತನ ಪೂರಾ ಫೋನಿನ್ಯಾಗ ಆಯ್ತು. ನಾ ಅಂಟಿನ ಉಂಡಿ ಕಟ್ಟೋದು ಇಲ್ಲಿ ಮಾಡಿ ತೋರಸ್ಬೇಕು, ಅಕಿ ಅಲ್ಲಿ ನೋಡಿ ಮಾಡ್ಬೇಕು. ಅಂಟು ತುಪ್ಪದಾಗ ಅರಳಿದ್ದು ಸರಿ ಆಯ್ತೋ ಇಲ್ಲೋ ಅಂತ ಫೋನು ಒಲಿ ಹತ್ರ ಹಿಡೀತಿದ್ಲು. ಉಗಿ ಹತ್ತಿ ಏನೂ ಕಾಣ್ತಿರಲಿಲ್ಲ. ಕೂಸಿಗೆ ಎರೆಯೋದಂತೂ... ಕಾಲು ಚಾಚಿ ಕೂತು ಕಾಲ ಮ್ಯಾಲೆ ಕೂಸಿನ್ನ ಹಾಕ್ಕೊಂಡು ನೀರು ಹಾಕೋದು ಫೋನಿನ್ಯಾಗ ಹ್ಯಾಂಗ ಕಲಿಸ್ತೀರಿ? ಒಂದು ದಿಂಬು ಇಟ್ಕೊಂಡು ನಾ ಇಲ್ಲಿ ಕಾಲು ಚಾಚಿ ಕೂತು ತೋರಿಸಿದೆ. ಅಕಿ ನೋಡಿ ನಕ್ಕಳು, ನಗ್ತಾ ನಗ್ತಾ ಅತ್ತಳು. ನಮ್ಮ ಅತ್ತಿ ಪಡಸಾಲ್ಯಾಗ ಕೂತು ಎಲ್ಲಾ ಕೇಳ್ತಿದ್ರು. "ದಿಂಬಿಗೆ ಎರೀಲಿಕತ್ತೀ ಏನ ಯವ್ವಾ" ಅಂದ್ರು. ಅವ್ರು ಹಳಿ ಸೀರಿ ಹಾಕಿ ಹೊಲದ ಕೌದಿ ಒಂದು, ಕಲಬುರಗಿಯಿಂದ ಹೋಗೋ ಹುಡುಗನ ಕೈಯಾಗ ಕಳಿಸಿದ್ವಿ. ಮನಿಯಿಂದ ಹೋಗಿದ್ದು ಅದೊಂದೇ.

ಆಮ್ಯಾಲೆ ಅರ್ಜಿ ಮಾತು ನಿಂತೇ ಹೋಯ್ತು. 2020ರಾಗ ಎಲ್ಲಾ ಬಂದಾಯ್ತು, ಅದೇ ವರ್ಷ ನಮ್ಮ ಮಾವನೋರು ಹೋದ್ರು. ವೀಸಾದ ಕಚೇರಿಗಳು ಬಂದಾಗಿ ತೆರೆದ ಮ್ಯಾಲೆ ಸಾಲು ಎಷ್ಟು ಉದ್ದ ಆಯ್ತಂದ್ರ, 2022ರ ಕೊನೀಗೆ ನಮ್ಮ ದೇಶದಾಗ ಹೊಸಬರಿಗೆ ಸಂದರ್ಶನದ ದಿನ ಸಿಗೋದು ಎರಡು-ಎರಡೂವರಿ ವರ್ಷದ ಮುಂದಿಂದು. ಕಡೀಕ ಅವ್ರು 2023ರ ಜನವರಿ 21ಕ್ಕ ಶನಿವಾರ ದಿನಾನೂ ಕಚೇರಿ ತೆಗೆದು ಸಂದರ್ಶನ ಮಾಡಿದ್ರು, ಮಂದೀನೂ ಹೆಚ್ಚಿಗಿ ಹಾಕಿದ್ರು. ಸಾಲು ಜರಾ ಜರಾ ಕರಗ್ಲಿಕತ್ತಿತು.

2023ರಾಗ ಮಗಳು, "ಅವ್ವಾ, ಇನ್ನೊಂದು ಸರ್ತಿ ಹಾಕಮು, ಬಾಣಂತನಕ್ಕಲ್ಲ, ಸುಮ್ನ ಮಮ್ಮಗನ್ನ ನೋಡ್ಲಿಕ್ಕ ಬಾ" ಅಂದ್ಲು. ನನಗ ಮನಸಿಲ್ಲ. ಮೂರನೇ ಸರ್ತಿ ಆ ಕಾಗದ ಹಿಡಕೊಂಡು ಊರಿಗೆ ಬರೋದು ಅಂದ್ರ ಏನು ಅಂತ ಹೋದೋರಿಗೇ ಗೊತ್ತು. ನಮ್ಮ ಮನಿಯವ್ರು ಅಂದ್ರು: "ಕೊಡದಿದ್ರ ಇಲ್ಲೇ ಇದ್ದೀವಿ, ಹೋದ್ರ ಹದಿನೈದು ಸಾವಿರ ಹೋಗ್ತದ. ಹೋದ ವರ್ಷ ತೊಗರಿ ನೆಟಿ ಹತ್ತಿ ಹೋದಾಗ ಅದಕಿಂತಾ ಜಾಸ್ತಿ ಹೋಗ್ಯದ." ಲೆಕ್ಕ ಖರೇ ಇತ್ತು. ಅಷ್ಟೊತ್ತಿಗೆ ಫೀಸು 160 ಇದ್ದದ್ದು 185 ಡಾಲರ್ ಆಗಿತ್ತು.

ಇಲ್ಲಿಂದ ಮುಂದಿಂದು ನೀವು ಜರಾ ಧ್ಯಾನ ಇಟ್ಟು ಓದ್ರಿ.

ಅರ್ಜಿ ಕಾಗದದ ಮ್ಯಾಲೆ ಇಲ್ಲ, ಕಂಪ್ಯೂಟರಿನ್ಯಾಗ. ಡಿಎಸ್-160 ಅಂತಾರ. ಅದರಾಗ ಒಂದು ಪ್ರಶ್ನಿ ಅದ: ಈ ಹಿಂದ ನಿಮಗೆ ಅಮೆರಿಕಾದ ವೀಸಾ ಯಾವಾಗಾದ್ರೂ ನಿರಾಕರಿಸ್ಯಾರೇನು? ಹೌದು, ಇಲ್ಲ ಅಂತ ಎರಡು ಗುಂಡು. ಹೌದು ಅಂದ್ರ ವಿವರಣಿ ಬರೀಬೇಕು. ಮಗಳು ಕೆಲಸದಾಗ ಇದ್ಲು ಅಂತ ನಾ ಕಲಬುರಗಿದಾಗ ಇದೇ ಧಂದೆ ಮಾಡೋ ಒಬ್ಬ ಏಜೆಂಟನ ಹತ್ರ ಹೋಗಿದ್ದೆ. ಅಂವ ಆ ಪ್ರಶ್ನಿಗೆ ಬಂದಾಗ ಕೈ ತಡೆದು, "ಅಮ್ಮಾ, ನಿಮ್ಮ ಹಳಿ ಪಾಸ್‌ಪೋರ್ಟ್ ಮುದ್ದತು ಮುಗದು ಹೊಸಾದು ಬಂದದ. ನಂಬರೇ ಬ್ಯಾರೆ. ಇಲ್ಲ ಅಂತ ಹಾಕ್ತೀನಿ. ಹೌದು ಅಂದ್ರ ಮದಲೇ ಮನಸು ಕೆಡಿಸಿಕೊಂಡು ಕೂಡ್ತಾರ" ಅಂದ. ಅವನ ಮಾತು ಬೆಣ್ಣಿ ಇದ್ದಂಗ ಇತ್ತು. ಬಾಜೂಕ ಕೂತಿದ್ದ ಒಬ್ಬಾಕಿನೂ ಹೌದೌದು ಅಂತ ತಲಿ ಹಾಕಿದ್ಲು.

ನಾ ಹತ್ತನೇತ್ತ ತನಕಾ ಕಲತಾಕಿ, ಕಾಯ್ದಿ ಗೊತ್ತಿಲ್ಲ. ಆದ್ರ ನನಗ ನೆನಪಿತ್ತು, 2018ರಾಗ ಅವ್ರು ನನ್ನ ಹತ್ತೂ ಬೆರಳು ಗಾಜಿನ ಮ್ಯಾಲೆ ಇಡಿಸಿಕೊಂಡಿದ್ರು. ಪಾಸ್‌ಪೋರ್ಟ್ ಹೊಸಾದು ಬರ್ತದ, ಬೆರಳು ಹೊಸಾವು ಬರ್ತಾವೇನ್ರಿ? "ಬ್ಯಾಡಪ್ಪ, ಹೌದು ಅಂತೇ ಹಾಕು" ಅಂದೆ. ಅಂವ ಒಪ್ಪಲಿಲ್ಲ. ರಿಜೆಕ್ಟ್ ಆದ್ರ ನನ್ನ ಹೆಸರಿಗೆ ಬರ್ತದ ಅಂದ. ಹಂಗಾದ್ರ ಬ್ಯಾಡೇ ಬ್ಯಾಡ ಅಂತ ಎದ್ದು ಬಂದೆ. ಕೊಟ್ಟ ಸಾವಿರ ರೂಪಾಯಿ ಮುಂಗಡ ಅಲ್ಲೇ ಉಳೀತು.

ರಾತ್ರಿ ಮಗಳಿಗೆ ಹೇಳಿದೆ. ಅಕಿ ಅಂದದ್ದು ಕೇಳಿ ಮೈ ಜುಂ ಅಂತು. ಎರಡು ಸರ್ತಿ ಇಲ್ಲ ಅಂದದ್ದು ಏನೂ ಕಲಂಕ ಅಲ್ಲ, ಆದ್ರ ಇಲ್ಲ ಅಂದಿದ್ದನ್ನ ಮುಚ್ಚಿ ಇಟ್ಟದ್ದು ಸಿಕ್ಕರ ಅದಕ್ಕ ಸುಳ್ಳು ಹೇಳಿ ವೀಸಾ ಕೇಳಿದ್ದು ಅಂತ ಬ್ಯಾರೇನೇ ಕಲಮು ಅದ, ಅದು ಜನ್ಮಪರ್ಯಂತ ಬಾಗಲ ಹಾಕೋ ಕಲಮು. ಬ್ಯಾರೆ ದೇಶದ್ದೂ ಹಂಗೇ. ಇಂಗ್ಲೆಂಡಿನ ಫಾರ್ಮಿನ್ಯಾಗ, ಕೆನಡಾದ ಫಾರ್ಮಿನ್ಯಾಗ ಯಾವ ದೇಶ ಇಲ್ಲ ಅಂದಿದ್ರೂ ಬರೀಬೇಕು. ಕೆನಡಾ ಸುಳ್ಳು ಸಿಕ್ಕರ ಐದು ವರ್ಷ ಬಿಡಂಗಿಲ್ಲ, ಇಂಗ್ಲೆಂಡ್ ಹತ್ತು ವರ್ಷ. ಫಾರ್ಮು ಏಜೆಂಟ ತುಂಬಿದ, ನನಗ ಇಂಗ್ಲಿಷ್ ಬರಂಗಿಲ್ಲ ಅಂದ್ರ ನಡ್ಯಂಗಿಲ್ಲ. ಕೆಳಗ ಇರೋದು ನಮ್ಮ ಹೆಸರು. ಶಹಾಬಾದಿನ ನಮ್ಮ ಚಿಗವ್ವನ ಸೊಸಿ ಮನ್ನೆ ಇದೇ ಕೇಳಿದ್ಲು, ಅದಕ್ಕ ಇಷ್ಟು ಉದ್ದ ಬರದೀನಿ.

ಮಗಳೇ ಎರಡು ರಾತ್ರಿ ಕೂತು ಫಾರ್ಮು ತುಂಬಿದ್ಲು. ಹೌದು ಅಂತ ಒತ್ತಿ, 2018ರಾಗ ಎರಡು ಸರ್ತಿ, 214(ಬಿ), ಆ ಆ ತಿಂಗಳು ಅಂತ ಎರಡೇ ಸಾಲು ಬರದ್ಲು. ಅಳೋದು ಇಲ್ಲ, ಕಾರಣ ಕೊಡೋದು ಇಲ್ಲ.

ಆಮ್ಯಾಲೆ ನಾವಿಬ್ರೂ ಕೂತು ವಿಚಾರ ಮಾಡಿದ್ದು ಏನಂದ್ರ, ಆವಾಗಿಂದ ಈವಾಗಿಗೆ ನಮ್ಮ ಮನ್ಯಾಗ ಬದಲಾದದ್ದು ಏನು? 2018ರಾಗ ಒಂಬತ್ತು ಎಕರೆ ಹೊಲ ಮಾವನವ್ರ ಹೆಸರಿನ್ಯಾಗ ಇತ್ತು. ನಮ್ಮ ಮನಿಯವ್ರು ಫರಸಿ ಪಾಲಿಶ್ ಮಾಡೋ ಕಡಿ ಲೆಕ್ಕ ಬರೀತಿದ್ರು, ಪಗಾರು ಕೈಯಾಗ ಕೊಡ್ತಿದ್ರು. ನನ್ನ ಹೆಸರಿಗೆ ಒಂದು ಬ್ಯಾಂಕಿನ ಪುಸ್ತಕ ಬಿಟ್ರ ಏನೂ ಇಲ್ಲ. ಗಾಜಿನ ಆಚಿ ಕೂತಾಂವಗ ಗುಂಡಗುರ್ತಿ ಎಲ್ಲದ ಅಂತ ಗೊತ್ತಿಲ್ಲ. ಅವಂಗ ಕಂಡಿದ್ದು ಏನು? ಹೊಲ ಇಲ್ಲ, ಪಗಾರಿನ ಚೀಟಿ ಇಲ್ಲ, ಒಂದೇ ಒಂದು ದೇಶ ನೋಡಿಲ್ಲ, ಮಗಳು ಅಲ್ಲಿದ್ದಾಳ, ಗಂಡ-ಹೆಂಡತಿ ಇಬ್ರೂ ಕೂಡೇ ಹೊಂಟಾರ. ನಾ ಅವನ ಜಾಗಾದಾಗ ಕೂತಿದ್ರ ನಾನೂ ಅನುಮಾನ ಪಡ್ತಿದ್ನೋ ಏನೋ.

ಈಗ ಮಾವನವ್ರು ಹೋದ ಮ್ಯಾಲೆ ಫೌತಿ ಆಗಿ ಪಾಣ್ಯಾಗ ನಮ್ಮ ಮನಿಯವ್ರ ಹೆಸರು ಬಂದದ. ನಂದೂ ಒಂದು ಬದಲಾಗ್ಯದ, ನಿಮಗ ಗೊತ್ತೇ ಅದ: ರೊಟ್ಟಿ ಕೆಲಸ. ಲಾಕ್‌ಡೌನಿನ್ಯಾಗ ಮನಿಮಟ್ಟಿಗೆ ಶುರು ಮಾಡಿದ್ದು, ಈಗ ಐದು ಮಂದಿ ಹೆಣ್ಣುಮಕ್ಕಳು ಬರ್ತಾರ, ದಿನಾ ಮುನ್ನೂರು ಜ್ವಾಳದ ರೊಟ್ಟಿ ಕಲಬುರಗಿಗೆ ಹೋಗ್ತಾವ. ಉದ್ಯಮ ನೋಂದಣಿ ಮಾಡಿಸೀನಿ, ಬ್ಯಾಂಕಿನ್ಯಾಗ ಬರೋದು ಹೋಗೋದು ಎಲ್ಲಾ ಕಾಣ್ತದ. ಇನ್ನೊಂದು, ಈ ಸರ್ತಿ ನಾ ಒಬ್ಬಾಕೇ ಹೋಗೋದು ಅಂತ ಮಾಡಿದ್ವಿ. ಅತ್ತಿಗೆ ಎಂಬತ್ತರ ಮ್ಯಾಲೆ ಆಗ್ಯದ, ತೊಗರಿ ರಾಶಿ ಡಿಸಂಬರ್-ಜನವರಿದಾಗ ಬರ್ತದ. ಮನಿಯವ್ರು ಇಲ್ಲಿ ಇರಲೇಬೇಕು. ವೀಸಾದ ಸಲುವಾಗಿ ಅಂತಲ್ಲ, ಖರೇನೇ ಇರಬೇಕು.

ಎಲ್ಲಿ ಹೋಗಬೇಕು ಅಂತ ಕೇಳ್ತೀರಿ. ನಮ್ಮ ಕರ್ನಾಟಕ ಅವ್ರ ಲೆಕ್ಕದಾಗ ಚೆನ್ನೈ ಕಚೇರಿಗೆ ಸೇರ್ತದ. ಬೆಂಗಳೂರಾಗ 2025ರ ಜನವರಿ 17ಕ್ಕ ಅಮೆರಿಕಾದ ಕಾನ್ಸುಲೇಟ್ ಉದ್ಘಾಟನಿ ಏನೋ ಆಯ್ತು, ಆದ್ರ ವೀಸಾ ಕೊಡೋ ಕೆಲಸ ಅಲ್ಲಿ ಆವಾಗ ಶುರು ಆಗಿರಲಿಲ್ಲ. ನಾ ಹೈದರಾಬಾದ್ ಹಾಕಿದೆ. ನಮಗ ಹೈದರಾಬಾದೇ ಹತ್ರ ಅಲ್ಲೇನು? 1948ರ ತನಕ ನಾವು ನಿಜಾಮನ ಮಂದಿ, 1956ರ ತನಕ ಹೈದರಾಬಾದ್ ರಾಜ್ಯದೋರು. ಚಿತ್ತಾಪುರದಾಗ ಗಾಡಿ ಹತ್ತಿದ್ರ ಸೇಡಂ, ತಾಂಡೂರ, ವಿಕಾರಾಬಾದ, ಆಮ್ಯಾಲೆ ಲಿಂಗಂಪಲ್ಲಿ. ಅಮೆರಿಕಾದ ಕಚೇರಿ ಮದಲು ಬೇಗಂಪೇಟದ ಪೈಗಾ ಅರಮನ್ಯಾಗ ಇತ್ತು, 2023ರ ಮಾರ್ಚಿನ್ಯಾಗ ನಾನಕರಾಮಗೂಡಾಕ್ಕ ಹೋಗ್ಯದ. ಸಿಕಂದರಾಬಾದಿನ ತನಕಾ ಹೋಗೋ ಜರೂರೇ ಇಲ್ಲ, ಲಿಂಗಂಪಲ್ಲ್ಯಾಗ ಇಳದ್ರ ಆಟೋ ಸಿಗ್ತದ. ಇನ್ನ ಭಾಷಿ. ನನ್ನ ತವರು ಸೇಡಂ ತಾಲ್ಲೂಕಿನ ಗಡಿ ಹಳ್ಳಿ, ತೆಲುಗು ನಮಗ ಅರ್ಧ ಮನಿಮಾತು. ಹೈದರಾಬಾದಿನ್ಯಾಗ ತೆಲುಗಿನ್ಯಾಗ ಮಾತಾಡಬಹುದು ಅಂತ ಗೊತ್ತಾದಾಗ ನನಗ ಅರ್ಧ ಭಯ ಅಲ್ಲೇ ಹೋಯ್ತು. ಇಂಗ್ಲಿಷಿನ್ಯಾಗೇ ಹೇಳ್ಬೇಕು ಅಂತ ಮಕ್ಕಳು ಬಾಯಿಪಾಠ ಮಾಡಸ್ತಾರಲ್ಲ, ಅದು ನನಗ ಪಸಂದ ಇಲ್ಲ. ಪಾಠ ಒಪ್ಪಿಸಿದಂಗ ಹೇಳಿದ್ರ ಖರೇ ಮಾತೂ ಸುಳ್ಳು ಕೇಳ್ತದ.

ದಿನ ಸಿಕ್ಕದ್ದು ಒಂದು ವರ್ಷದ ಮ್ಯಾಲೆ, 2024ರ ಸಪ್ಟಂಬರದಾಗ. ದೇವರ ಆಟ ನೋಡ್ರಿ, ಅಷ್ಟೊತ್ತಿಗೆ ಮಗಳು ಮತ್ತ ಬಸರು, ಡಿಸಂಬರಿಗೆ ದಿನ. ಸುಮ್ನ ಹೋಗಿ ಬರಮು ಅಂದದ್ದು ಮತ್ತ ಬಾಣಂತನಕ್ಕೇ ಬಂದು ನಿಂತಿತು. ಇದನ್ನ ಹೇಳಬ್ಯಾಡ, ಮಮ್ಮಗನ್ನ ನೋಡ್ಲಿಕ್ಕ ಅಂತಷ್ಟೇ ಹೇಳು, ಬಾಣಂತನ ಅಂದ್ರ ಕೆಲಸಕ್ಕ ಹೊಂಟಾಳ ಅಂತ ತಿಳಕೋತಾರ ಅಂತ ನಾದಿನಿ ಅಂದ್ಲು. ಅಕಿ ಅಂದದ್ರಾಗ ಅರ್ಧ ಖರೇ ಅದ. ಆ ವೀಸಾದ ಮ್ಯಾಲೆ ಹೋಗಿ ಪಗಾರು ತಗೊಂಡು ಕೂಸು ನೋಡಿಕೊಂಡ್ರ ತಪ್ಪಾಗ್ತದ. ಆದ್ರ ಮಗಳ ಮನ್ಯಾಗ ಅವ್ವ ಮಾಡೋದಕ್ಕ ಪಗಾರು ಯಾರು ಕೊಡ್ತಾರ? ಮಗಳು ಫಾರ್ಮು ಹೊಸಾದಾಗಿ ತುಂಬಿ, ಆ ನಂಬರು ಬದಲಿ ಮಾಡಿಸಿದ್ಲು.

ಎರಡು ದಿನದ ಕೆಲಸ ಅದು. ಮದಲನೇ ದಿನ ಬ್ಯಾರೆ ಕಚೇರ್ಯಾಗ ಬೆರಳು, ಫೋಟೋ. ಮರುದಿನ ಸಂದರ್ಶನ. ಫೋನು ಒಳಗ ಬಿಡಂಗಿಲ್ಲ. ತಮ್ಮನ ಮಗ ಹೊರಗ ರಸ್ತಿ ಮ್ಯಾಲೆ ನನ್ನ ಫೋನು, ಚೀಲ, ಬುತ್ತಿ ಹಿಡಕೊಂಡು ನಿಂತ. ನನ್ನ ಕೈಯಾಗ ಖಾಲಿ ಕಾಗದದ ಫೈಲು: ಪಾಣಿ, ಬ್ಯಾಂಕಿಂದು, ಉದ್ಯಮದ್ದು, ಮಗಳ ದವಾಖಾನಿ ಚೀಟಿ. ನಾ ಇಳಕಲ್ ಸೀರಿ ಉಟ್ಟಿದ್ದೆ. ಸಾಲಿನ್ಯಾಗ ನನ್ನ ಮುಂದ ಗಂಡ-ಹೆಂಡತಿ ಇಬ್ರು, ಕರೀಂನಗರದೋರು. ಅವ್ರ ಕೈ ನಡಗ್ಲಿಕತ್ತಿತ್ತು. ಆಕಿ ನನಗ, "ಮೊದಟಿ ಸಾರಾ?" ಅಂದ್ಲು. ಮದಲನೇ ಸರ್ತಿನಾ ಅಂತ. ಮೂರನೇದು ಅಂದೆ. ಆಕಿ ಮಾರಿ ಸಣ್ಣದಾಯ್ತು, ಒಂದು ಹೆಜ್ಜಿ ದೂರ ಸರದ್ಲು. ಅಂಟು ರೋಗ ಇದ್ದಂಗ.

ಗಾಜಿನ ಆಚಿ ಒಬ್ಬಾಕಿ ಅಮೆರಿಕಾದ ಹೆಣ್ಣುಮಗಳು, ನಮ್ಮ ಸಣ್ಣ ಮಗಳ ವಯಸ್ಸು. ತೆಲುಗು ಕಲತಿದ್ಲು. ತಪ್ಪು ತಪ್ಪು, ಆದ್ರ ಚಂದ ಮಾತಾಡಿದ್ಲು. ನಾಕು ಬೆರಳು ಇಡಿಸಿದ್ಲು. ಕಂಪ್ಯೂಟರಿನ್ಯಾಗ ನೋಡಿದ್ಲು, ಭಾಳ ಹೊತ್ತು ನೋಡಿದ್ಲು. ನನಗ ಗೊತ್ತಾಯ್ತು, 2018 ಬಂದದ ಅಂತ.

"ಮದಲ ಎರಡು ಸರ್ತಿ ಬಂದಿದ್ರಿ" ಅಂದ್ಲು.

"ಹೌದು, ಫಾರ್ಮಿನ್ಯಾಗ ಬರದೀನಿ. ಎರಡೂ ಸರ್ತಿ ಕೊಡಲಿಲ್ಲ."

"ಈಗೇನು ಬದಲಾಗ್ಯದ?"

ಇದೇ ಪ್ರಶ್ನಿ ಬರ್ತದ ಅಂತ ನಮಗ ಗೊತ್ತಿತ್ತು. ಆದ್ರೂ ಗಂಟಲು ಒಣಗಿತು. "ನಮ್ಮ ಮಾವನವ್ರು ಹೋದ್ರು, ಹೊಲ ಈಗ ನಮ್ಮ ಹೆಸರಿಗೆ ಬಂದದ. ನಾ ರೊಟ್ಟಿ ಮಾಡೋ ಕೆಲಸ ಇಟ್ಟೀನಿ" ಅಂದೆ. ದಿನಾ ಎಷ್ಟು ರೊಟ್ಟಿ ಅಂತ ಕೇಳಿದ್ಲು. ಮುನ್ನೂರು ಅಂದೆ. ಹುಬ್ಬು ಏರಿಸಿ, "ನೀವೊಬ್ರೇ?" ಅಂದ್ಲು. ನಗು ಬಂತು ನನಗ. ಐದು ಮಂದಿ ಇದ್ದಾರ, ನಾ ಮೂರು ತಿಂಗಳು ಇರಲಿಲ್ಲಂದ್ರ ಅವ್ರು ನಡಸ್ತಾರ, ಮೂರಕ್ಕಿಂತ ಜಾಸ್ತಿ ಆದ್ರ ಗಿರಾಕಿ ಕೈ ಬಿಡ್ತಾರ ಅಂದೆ. ಯಾಕ ಹೋಗ್ತೀರಿ ಅಂದ್ಲು. "ಮಗಳು ಎರಡನೇ ಸರ್ತಿ ಹಡೀತಾಳ. ಮದಲನೇದಕ್ಕ ನಾ ಹೋಗ್ಲಿಕ್ಕ ಆಗಲಿಲ್ಲ. ಬಾಲಿಂತಿಗೆ ಮಾಡಿ ಹಾಕಿ, ಕೂಸಿಗೆ ಎರೆದು ಬರ್ತೀನಿ" ಅಂದೆ. ಬಾಲಿಂತ ಅಂದ್ರ ತೆಲುಗಿನ್ಯಾಗ ಬಾಣಂತಿ. ಆಕಿಗೆ ಆ ಶಬ್ದ ಗೊತ್ತಿತ್ತು. ಗಂಡ ಯಾಕ ಬರಂಗಿಲ್ಲ ಅಂದ್ಲು. ತೊಗರಿ ರಾಶಿ ಅದ, ಅತ್ತಿ ಇದ್ದಾರ ಅಂದೆ. ಯಾವಾಗ ತಿರುಗಿ ಬರ್ತೀರಿ ಅಂದ್ಲು. ಮಗಳು ಫೆಬ್ರುವರಿ ಕೊನಿ ಅಂತ ಹೇಳು ಅಂದಿದ್ಲು. ನನ್ನ ಬಾಯಾಗ ಬಂದದ್ದು, "ಶರಣಬಸಪ್ಪನ ತೇರಿಗಿಂತ ಮದಲೇ." ಆಕಿಗೆ ತಿಳೀಲಿಲ್ಲ. ಹೋಳಿ ಹುಣ್ಣಿವಿ ಆದ ಮ್ಯಾಲೆ ಕಲಬುರಗ್ಯಾಗ ತೇರು ಎಳೀತಾರ, ಆವಾಗ ರೊಟ್ಟಿ ಧಂದೆ ಜೋರು ಇರ್ತದ ಅಂತ ಹೇಳಿದೆ. ಫೈಲು ತೆರೀಲಿಲ್ಲ, ಒಂದೇ ಒಂದು ಕಾಗದ ಕೇಳಲಿಲ್ಲ. ಪಾಣಿ ಸಲುವಾಗಿ ತಹಸೀಲಿಗೆ ಏಳು ಸರ್ತಿ ಅಡ್ಡಾಡಿದ್ವಿ! ಕಾಗದ ನೋಡಲಿಕ್ಕೇಬೇಕು ಅಂತಿಲ್ಲ, ಆದ್ರ ಇರಬೇಕು. ಇದ್ರ ನಾಲಿಗಿ ತಡವರಿಸಂಗಿಲ್ಲ.

ಪಾಸ್‌ಪೋರ್ಟ್ ತಿರುಗಿ ಕೊಡ್ತಾಳೇನೋ ಅಂತ ನಾ ಆಕಿ ಕೈನೇ ನೋಡ್ಲಿಕತ್ತಿದ್ದೆ. ಕೊಡಲಿಲ್ಲ. ಬಾಜೂಕ ಇಟ್ಕೊಂಡ್ಲು. "ವೀಸಾ ಅಪ್ರೂವ್ ಆಯ್ತಮ್ಮಾ" ಅಂದ್ಲು. ಹೊರಗ ಬಂದು ತಮ್ಮನ ಮಗಗ ಹೇಳ್ಬೇಕಂದ್ರ ಮಾತೇ ಹೊರಡಲಿಲ್ಲ. ಅಂವ ನನ್ನ ಮಾರಿ ನೋಡಿ, "ಹೋಗ್ಲಿ ಬಿಡತ್ತಿ, ಮತ್ತ ಹಾಕಮು" ಅಂದ. ಕೈ ತೋರಿಸಿದೆ, ಪಾಸ್‌ಪೋರ್ಟ್ ಇಲ್ಲ ಅಂತ. ಆವಾಗ ತಿಳೀತು ಅವಂಗ. ಇಬ್ರೂ ರಸ್ತಿ ಬಾಜೂಕ ಕೂತು ಬುತ್ತಿ ಬಿಚ್ಚಿದ್ವಿ. ಆ ಕರೀಂನಗರದಾಕಿ ಆಮ್ಯಾಲೆ ಹೊರಗ ಬಂದ್ಲು. ಆಕಿ ಕೈಯಾಗ ಆ ಛಾಪಿಸಿದ ಕಾಗದ. ನಾ ಏನೂ ಅನ್ನಲಿಲ್ಲ, ಒಂದು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ತಗೊಂಡ್ಲು.

ವೀಸಾ ಹತ್ತು ವರ್ಷದ್ದು ಸಿಕ್ಕದ. ಹತ್ತು ವರ್ಷ ಅಂದ್ರ ಅಲ್ಲಿ ಹತ್ತು ವರ್ಷ ಇರಬಹುದು ಅಂತ ಅಲ್ಲ. ಒಂದು ಸರ್ತಿ ಹೋದ್ರ ಎಷ್ಟು ದಿನ ಇರಬೇಕು ಅನ್ನೋದು ಅಲ್ಲಿ ಇಳದಾಗ ವಿಮಾನ ನಿಲ್ದಾಣದಾಗ ಕೂತೋರು ಬರದು ಕೊಡ್ತಾರ, ಸಾಧಾರಣ ಆರು ತಿಂಗಳು. ಅದರ ಮ್ಯಾಲೆ ಒಂದು ದಿನ ಇದ್ರೂ ಆ ವೀಸಾ ರದ್ದು. ಮುದ್ದತು ಮುಗದ ಮ್ಯಾಲೆ ಮತ್ತ ಆರು ತಿಂಗಳಿಗಿಂತ ಜಾಸ್ತಿ ಉಳದು ಬಂದ್ರ ಮೂರು ವರ್ಷ, ವರ್ಷದ ಮ್ಯಾಲಾದ್ರ ಹತ್ತು ವರ್ಷ ಹೋಗಂಗಿಲ್ಲ. ಇನ್ನ ತಿನ್ನೋದು ಏನೇನು ಒಯ್ತೀರಿ ಅಂತ ಕೇಳ್ತಾರ, ಎಲ್ಲಾ ಬಾಯಿಬಿಟ್ಟು ಹೇಳ್ಬೇಕು. ಮುಚ್ಚಿಟ್ಟು ಸಿಕ್ಕರ ದಂಡ. ನಾ ಕಡಕ ರೊಟ್ಟಿ, ಅಂಟು, ಒಣಾ ಕೊಬ್ಬರಿ, ಹಿಂಡಿ, ಎಲ್ಲಾ ಬರಸಿಕೊಂಡು ಹೋಗಿದ್ದೆ. ಚೀಲ ಬಿಚ್ಚಿ ನೋಡಿ ಬಿಟ್ಟರು. ಹೋಗೋಕಿಂತ ಮದಲ ಪ್ರವಾಸದ ವಿಮಾ ಮಾಡಿಸ್ಕೋರಿ. ಅಲ್ಲಿ ದವಾಖಾನಿ ಮೆಟ್ಟಲ ಹತ್ತಿದ್ರ ಹೊಲ ಮಾರಬೇಕಾಗ್ತದ.

ನವೆಂಬರದಾಗ ಹೋದೆ. ಮಮ್ಮಗಗ ಆರು ವರ್ಷ ತುಂಬಿತ್ತು. ಅಂವ ನನ್ನ ಹುಟ್ಟಿದಾಗಿಂದ ಫೋನಿನ್ಯಾಗ ನೋಡ್ಯಾನ, ಎದಿ ಮಟ ಅಷ್ಟೇ. ಮನಿಗೆ ಬಂದು ಕೂತ ಮ್ಯಾಲೆ ಸುತ್ತು ಹಾಕಿ ಹಾಕಿ ನೋಡಿದ. ಆಮ್ಯಾಲೆ ಕೆಳಗ ಕೂತು ನನ್ನ ಕಾಲುಂಗುರ ಮುಟ್ಟಿ, ಅವ್ವಗ ಇಂಗ್ಲಿಷಿನ್ಯಾಗ ಏನೋ ಕೇಳಿದ. ಮಗಳು ನಕ್ಕಳು. "ಅಜ್ಜಿಗೆ ಕಾಲೂ ಅದಾವೇನು ಅಂತ ಕೇಳ್ಲಿಕತ್ತಾನ" ಅಂದ್ಲು. ಅತ್ತಿ ಹೊಲದ ಕೌದಿ ಅವನ ಹಾಸಿಗಿ ಮ್ಯಾಲೆ ಇತ್ತು, ಅಂಚು ಪೂರಾ ಹರದಿತ್ತು. ಡಿಸಂಬರದಾಗ ಮಮ್ಮಗಳು ಹುಟ್ಟಿದ್ಲು. ಸ್ನಾನದ ಮನ್ಯಾಗ ಕಾಲು ಚಾಚೋಷ್ಟು ಜಾಗಾ ಇಲ್ಲ ಅವ್ರ ಮನ್ಯಾಗ. ಬಾಗಲ ತೆರದು, ಹೊಸ್ತಿಲ ಮ್ಯಾಲೆ ಕಾಲು ಹಾಕಿ ಕೂತು ಎರದೆ. ನೆಲ ಎಲ್ಲಾ ನೀರು. ಅಳಿಯಾ ಒರಸಿಕೊಂತ ಓಡಾಡ್ತಿದ್ದ. ಮಗಳು ಮಂಚದ ಮ್ಯಾಲೆ ಬಿಸಿ ನೀರು ಹಾಕ್ಕೊಂಡು, ಕಿವಿಗೆ ಅರಬಿ ಕಟ್ಟಿಕೊಂಡು ಮಲಗಿದ್ಲು. ಮದಲನೇ ಸರ್ತಿ ಅಕಿಗೆ ಹಂಗ ಮಲಗಿಸೋರು ಯಾರೂ ಇರಲಿಲ್ಲ.

ಫೆಬ್ರುವರಿ ಕೊನಿಗೆ ತಿಕೀಟ ಇತ್ತು, ಆ ದಿನಾನೇ ಹೊಂಟೆ. ಇನ್ನೊಂದು ತಿಂಗಳು ಇರು ಅಂತ ಮಗಳು ಅಂದ್ಲು, ಕಾಯ್ದಿ ಪ್ರಕಾರ ಇರಬಹುದಿತ್ತು. ಆದ್ರ ಗಾಜಿನ ಆಚಿ ಕೂತ ಆ ಹುಡುಗಿಗೆ ತೇರಿಗಿಂತ ಮದಲು ಅಂದಿದ್ದೆ. ಇಲ್ಲಿ ರೊಟ್ಟಿ ಮನ್ಯಾಗ ಇಬ್ರು ಜಗಳಾಡಿಕೊಂಡು ಕೂತಿದ್ರು, ಅದು ಬ್ಯಾರೆ ಕತಿ.

ವಾಡಿಯಿಂದ ಮತ್ತೊಬ್ಬಾಕಿ ಫೋನ್ ಮಾಡಿದ್ಲು, ಅವ್ರಿಗೂ ಒಂದು ಸರ್ತಿ ಇಲ್ಲ ಅಂದಾರಂತ, ಮಗ ಚಿಕಾಗೋದಾಗ ಇದ್ದಾನಂತ. ಯವ್ವಾ, ಸೋಮವಾರ ಬ್ಯಾಡ, ರೊಟ್ಟಿ ಲೆಕ್ಕ ಇರ್ತದ. ಬುಧವಾರ ಮಧ್ಯಾಹ್ನ ಬರ್ರಿ. ಬರೋವಾಗ ಹಳಿ ಪಾಸ್‌ಪೋರ್ಟೂ ತರ್ರಿ, ಆ ಛಾಪಿಸಿದ ಕಾಗದ ಹರದು ಒಗದಿರದಿದ್ರ ಅದನ್ನೂ ತರ್ರಿ.